ಕಮಲಾಪುರದಲ್ಲಿ ಆಕೆ ಸಾಯಲಿಲ್ಲ

ಹನ್ನೊಂದು ಸಂತೆಗಳ ಕಾಲ ನಾನು ಸ್ಟಾರ್ ಆಗಿದ್ದೆ. ನಗುವವರು ಈಗಲೇ ನಕ್ಕುಬಿಡಿ, ನಡುವೆ ನಕ್ಕರೆ ನನಗೆ ಲಯ ತಪ್ಪುತ್ತದೆ. ನಾನು ಬಣ್ಣ ಹಚ್ಚಲಿಲ್ಲ, ಹಾಡಲಿಲ್ಲ, ಪರದೆಯ ಮೇಲೆ ನನ್ನ ಮೂಗಿನ ತುದಿಯೂ ಕಾಣಲಿಲ್ಲ. ಪರದೆಯ ಪಕ್ಕದಲ್ಲಿ ಒಂದು ಖಾಲಿ ಎಣ್ಣೆ ಡಬ್ಬಿಯ ಮೇಲೆ ನಿಂತು, ಹಿಂದೂಸ್ತಾನಿ ಸಿನಿಮಾದ ಮಾತುಗಳನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದೆ. ಅಷ್ಟಕ್ಕೇ ಕಮಲಾಪುರ ನನ್ನನ್ನು ಹೊತ್ತು ಮೆರೆಸಿತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಗೌಡ ನಾನೇ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿತ್ತು. ನಾನು ಕಮಲಾಪುರದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ್. ನಿಜಾಮರ ಕಾಲದಲ್ಲಿ ಓದಿದವನಾದ್ದರಿಂದ ಕಲಿತದ್ದೆಲ್ಲ ಉರ್ದುವಿನಲ್ಲಿ, ಕಲಿಸಿದ್ದೂ ಉರ್ದುವಿನಲ್ಲಿ. ಸರ್ಕಾರ ಬದಲಾದ ಮೇಲೆ, ಇನ್ನು ಮುಂದೆ ಕನ್ನಡದಲ್ಲಿ ಕಲಿಸಿ ಎಂದು ಹುಕುಂ ಬಂತು. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡವನ್ನೇ ಆಡಿದ ನನಗೆ ಅದನ್ನು ಬರೆಯಲು ಬರುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒತ್ತಕ್ಷರ ತಿದ್ದುವುದು, ಬೆಳಿಗ್ಗೆ ಎದೆಯೆತ್ತಿ ಅದನ್ನೇ ಮಕ್ಕಳಿಗೆ ತಿದ್ದಿಸುವುದು. ಮಕ್ಕಳಿಗಿಂತ ಒಂದು ಪಾಠ ಮುಂದಿದ್ದೆ, ಅಷ್ಟೇ ನನ್ನ ಪಾಂಡಿತ್ಯ. ಒಂದೊಂದು ವಾರ ಅದೂ ಇರುತ್ತಿರಲಿಲ್ಲ.

ಆ ಹುಕುಂ ಬಂದ ವರ್ಷವೇ ನನ್ನ ಮದುವೆಯಾಗಿತ್ತು. ಹೆಂಡತಿ ಕಲಬುರಗಿಯವಳು, ಅಲ್ಲಿನ ಜಗತ್ ಎಂಬ ಪೇಟೆಯ ಒಂದು ಗಲ್ಲಿಯಲ್ಲಿ ಅವಳ ತವರು. ಮಾವ ಬಟ್ಟೆ ವ್ಯಾಪಾರಿ. ಆ ಗಲ್ಲಿಯಲ್ಲಿ ಅರ್ಧ ಜನ ಉರ್ದು ಮಾತಾಡುವವರೇ ಇದ್ದುದರಿಂದ ಅವಳಿಗೆ ಉರ್ದು ಚೆನ್ನಾಗಿ ತಿಳಿಯುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಕಮಲಾಪುರಕ್ಕೆ ಬಂದ ಹೊಸದರಲ್ಲಿ ನನ್ನ ಒತ್ತಕ್ಷರಗಳನ್ನು ಅವಳೇ ತಿದ್ದುತ್ತಿದ್ದಳು. ಮಾಸ್ತರ ಹೆಂಡತಿ ಮಾಸ್ತರಿಗೆ ಮಾಸ್ತರಾಗಿದ್ದಾಳೆ ಎನ್ನುವುದು ಹೊರಗೆ ತಿಳಿಯದ ಹಾಗೆ ನೋಡಿಕೊಂಡಿದ್ದೆವು.

ಮದುವೆಯಾಗಿ ಕೆಲವು ತಿಂಗಳಿಗೆ ಅವಳನ್ನು ಕಲಬುರಗಿಯ ಟಾಕೀಸಿಗೆ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಒಬ್ಬ ಹಾಡುಗಾರ್ತಿಯ ಕಥೆ. ಬಡವರ ಮನೆ ಹುಡುಗಿ, ಒಳ್ಳೆಯ ಗಂಡ, ಸಣ್ಣ ಮಗು. ಯಾರೋ ಅವಳ ಕಂಠ ಕೇಳಿ ಗ್ರಾಮಫೋನ್ ತಟ್ಟೆಯಲ್ಲಿ ಹಾಡಿಸುತ್ತಾರೆ. ಊರೆಲ್ಲ ಅವಳ ಹಾಡು. ಆಮೇಲೆ ದೊಡ್ಡ ಮೋಟಾರು, ದೊಡ್ಡ ಬಂಗಲೆ, ಹಿಂದೆ ಮುಂದೆ ಜನ. ಮಗು ಬಾಗಿಲಲ್ಲಿ ಕೂತು ಕಾಯುತ್ತದೆ, ತಾಯಿ ಈ ವಾರ ಬರುತ್ತೇನೆ, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಕಳಿಸುತ್ತಾಳೆ. ಕೊನೆಗೆ ಕಂಠ ಕೆಡುತ್ತದೆ, ಜನ ಬೇರೆ ಹಾಡುಗಾರ್ತಿಯ ಹಿಂದೆ ಹೋಗುತ್ತಾರೆ, ಇವಳು ಮಗುವಿನ ನೆನಪಾಗಿ ಮನೆಗೆ ಓಡಿ ಬರುವಾಗ ಹೊಸ್ತಿಲ ಹೊರಗೇ ಬಿದ್ದು ಸಾಯುತ್ತಾಳೆ. ಟಾಕೀಸಿನಲ್ಲಿ ಗಂಡಸರೂ ಮೂಗು ಒರೆಸಿಕೊಂಡರು. ನನ್ನ ಹೆಂಡತಿ ಅಳಲಿಲ್ಲ. ಹೊರಗೆ ಬಂದ ಮೇಲೆ, ಅಷ್ಟು ಮಂದಿ ಆಕೆಯ ಹಾಡು ಹೊಗಳಿದರು, ಮನೆಗೆ ಹೋಗು ಎಂದು ಒಬ್ಬನಾದರೂ ಹೇಳಲಿಲ್ಲವಲ್ಲ ಎಂದಳು. ನಾನು ಹೂಂಗುಟ್ಟಿ, ಅವಳಿಗೆ ಮಿರ್ಚಿ ಭಜಿ ಕೊಡಿಸಿದೆ.

ಏಳನೇ ತಿಂಗಳಿಗೆ ಅವಳು ತವರಿಗೆ ಹೋದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹೋಗಿ, ಮಗುವನ್ನು ಗಾಜಿನ ಸಾಮಾನಿನಂತೆ ಹಿಡಿದು, ಬಿಟ್ಟು ಬಂದೆ. ನಮ್ಮ ಕಡೆ ಬಾಣಂತಿಯನ್ನು ಐದನೇ ತಿಂಗಳಲ್ಲಿ ಗಂಡನ ಮನೆಗೆ ಕರೆತರುತ್ತಾರೆ, ಮತ್ತು ಗಂಡನೇ ಹೋಗಿ ಕರೆಯಬೇಕು. ಸೀರೆ, ಸಕ್ಕರೆ ಹಿಡಿದುಕೊಂಡು ಅವನೇ ಹೊಸ್ತಿಲಲ್ಲಿ ನಿಲ್ಲಬೇಕು. ಬೇರೆಯವರನ್ನು ಕಳಿಸಿದರೆ ನೀನು ಬಂದರೂ ಸರಿ, ಬಿಟ್ಟರೂ ಸರಿ ಎಂದು ಹೇಳಿದ ಹಾಗೆ. ಇದು ಊರಿನ ಎಮ್ಮೆಗೂ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು.

ಮಗುವಿಗೆ ಮೂರು ತಿಂಗಳು ತುಂಬಿದಾಗ ಅದೇ ಸಿನಿಮಾ ಕಮಲಾಪುರಕ್ಕೆ ಬಂತು. ಕಲಬುರಗಿಯ ಒಬ್ಬ ಠೇಕೇದಾರ, ಎಲ್ಲಾ ಕಡೆ ತಿರುಗಿ ಸವೆದ ಪ್ರಿಂಟನ್ನು ಅಗ್ಗಕ್ಕೆ ಹಿಡಿದಿದ್ದ. ಗಲಾಟೆಯ ವರ್ಷಗಳಲ್ಲಿ ಮುಚ್ಚಿದ್ದ ಹತ್ತಿಯ ಗೋದಾಮೊಂದನ್ನು ಬಾಡಿಗೆಗೆ ಪಡೆದು, ತಗಡಿನ ಸಂದುಗಳಿಗೆಲ್ಲ ಗೋಣಿತಟ್ಟು ಬಡಿದು, ಸಂತೆಯ ದಿನ ನಡುಮಧ್ಯಾಹ್ನ ಆಟ ಇಟ್ಟ. ಸಂಜೆಗೆ ಇಟ್ಟರೆ ಹಳ್ಳಿಗಳ ಬಂಡಿಗಳು ಹೊತ್ತು ಮುಳುಗುವ ಮೊದಲೇ ತಿರುಗಿ ಹೋಗುತ್ತಿದ್ದವು. ಆ ದಿನಗಳಲ್ಲಿ ಕತ್ತಲಾದ ಮೇಲೆ ದಾರಿಯಲ್ಲಿ ಇರುವ ಧೈರ್ಯ ಯಾರಿಗೂ ಇನ್ನೂ ಬಂದಿರಲಿಲ್ಲ. ಒಳಗೆ ರೊಟ್ಟಿ ಬೇಯುವಷ್ಟು ಸೆಕೆ. ಜನ ಬೆವರಿನಲ್ಲಿ ತೊಯ್ದು ಕೂರುತ್ತಿದ್ದರು. ಎರಡು ವರ್ಷ ಹೆದರಿ ಹೆದರಿ ಬದುಕಿದ್ದ ಜನ, ಬೆಂದರೂ ಪರವಾಗಿಲ್ಲ ಏನಾದರೂ ನೋಡಬೇಕು ಎನ್ನುವ ಹಾಗಾಗಿದ್ದರು.

ಮೊದಲ ಆಟದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಸಿನಿಮಾದ ಹಿಂದೂಸ್ತಾನಿ ನಮ್ಮ ಸಂತೆಯ ಉರ್ದು ಅಲ್ಲ, ಅದು ಇಸ್ತ್ರಿ ಮಾಡಿದ್ದು. ಅದರ ಮೇಲೆ, ಕರೆಂಟಿಗೆಂದು ಹೊರಗೆ ಇಟ್ಟಿದ್ದ ಎಂಜಿನ್ನಿನ ಸಪ್ಪಳ. ಜನ ಗೊಣಗತೊಡಗಿದರು. ಠೇಕೇದಾರ ಬೆವರೊರೆಸುತ್ತಾ, ಉರ್ದು ಬಲ್ಲವರು ಯಾರಾದರೂ ಇದ್ದಾರೇನು ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡ ಬೇಡ ಎಂದೆ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ಬೇಡ ಎನ್ನುತ್ತೇವಲ್ಲ, ಆ ಥರದ ಬೇಡ. ಎರಡನೇ ಸಲ ಕರೆಯುವ ಮೊದಲೇ ಎದ್ದು ಹೋಗಿ ಡಬ್ಬಿಯ ಮೇಲೆ ನಿಂತಿದ್ದೆ.

ಸಿನಿಮಾದ ಯಂತ್ರ ಒಂದೇ ಇತ್ತು. ಅದರಿಂದ ಒಂದು ಸುರುಳಿ ಮುಗಿದಾಗ ದೀಪ ಹಚ್ಚಿ, ಇನ್ನೊಂದು ಸುರುಳಿ ಏರಿಸಿ, ಮತ್ತೆ ಶುರುಮಾಡಬೇಕು. ಇಡೀ ಆಟದಲ್ಲಿ ಹೀಗೆ ಆರು ಏಳು ಸಲ ಖಾಲಿ ಪರದೆ. ಜನ ಎದ್ದು ಹೋಗಬಾರದೆಂದು ಆ ಹೊತ್ತಿನಲ್ಲಿ ಏನಾದರೂ ಹೇಳುತ್ತಿರು ಎಂದ ಠೇಕೇದಾರ. ಸಿನಿಮಾದವರು ಬರೆದ ಕಥೆ ಪರದೆಯ ಮೇಲೆ ಓಡುತ್ತಿತ್ತು, ಆ ಖಾಲಿ ಹೊತ್ತಿನ ಕಥೆ ಪೂರ್ತಿ ನನ್ನದು. ಹಾಡುಗಾರ್ತಿಗೆ ನಾನು ಹುಮನಾಬಾದಿನಲ್ಲಿ ಒಬ್ಬ ಅಣ್ಣನನ್ನು ಕೊಟ್ಟೆ. ಒಬ್ಬ ಕಿಡಿಗೇಡಿ ಅತ್ತೆಯನ್ನು ಕೊಟ್ಟೆ. ಮೂರನೇ ಸಂತೆಯ ಹೊತ್ತಿಗೆ ಜನ ಆ ಅಣ್ಣ ಪರದೆಯ ಮೇಲೆ ಯಾವಾಗ ಬರುತ್ತಾನೆ ಎಂದು ಕೇಳತೊಡಗಿದರು. ಜೋಳದ ರಾಶಿ ನಡೆದಿದೆ, ಮುಗಿಸಿ ಬರುತ್ತಾನೆ ಎಂದೆ. ಎಲ್ಲರಿಗೂ ಅದು ನ್ಯಾಯ ಎನ್ನಿಸಿತು.

ಆದರೆ ನನ್ನನ್ನು ನಿಜವಾಗಿ ದೊಡ್ಡವನನ್ನಾಗಿ ಮಾಡಿದ್ದು ಕೊನೆಯ ದೃಶ್ಯ. ಮೊದಲ ಆಟ ಮುಗಿದ ಮೇಲೆ ಊರಿನ ಹಿರಿಯರು ನಾಲ್ಕು ಜನ ಬಂದು, ಸಂತೆಯ ದಿನ ನಡುಹಗಲಿನಲ್ಲಿ ಹೆಣ್ಣುಮಗಳು ಹೊಸ್ತಿಲ ಮೇಲೆ ಸಾಯುವುದು ಊರಿಗೆ ಒಳ್ಳೆಯದಲ್ಲ, ಅದನ್ನು ಸ್ವಲ್ಪ ತಿದ್ದಿಸು ಎಂದರು. ಎರಡು ವರ್ಷದಲ್ಲಿ ಅವರು ಬೇಕಾದಷ್ಟು ಸಾವು ನೋಡಿದ್ದರು, ದುಡ್ಡು ಕೊಟ್ಟು ಇನ್ನೊಂದನ್ನು ನೋಡುವ ಮನಸ್ಸು ಅವರಿಗಿರಲಿಲ್ಲ. ಸಿನಿಮಾ ಎಂದರೆ ಹಗಲುವೇಷದವರ ಆಟವಲ್ಲ, ತಿದ್ದಲು ಬರುವುದಿಲ್ಲ ಎಂದು ಹೇಳಬೇಕಾಗಿತ್ತು. ನಾನು, ಅದಕ್ಕೇನು, ನೋಡೋಣ ಎಂದೆ.

ಮುಂದಿನ ಸಂತೆಯಲ್ಲಿ ಪರದೆಯ ಮೇಲೆ ಆಕೆ ಬಿದ್ದಳು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೀರಿದ. ನಾನು ಡಬ್ಬಿಯ ಮೇಲಿನಿಂದ ಗಟ್ಟಿಯಾಗಿ, ‘ಆಕೀ ಸತ್ತಿಲ್ಲ. ದಣದು ಮಲಗ್ಯಾಳ. ಗಂಡ ಏಳು ಏಳು ಅಂತ ಕರೀಲಾಕತ್ಯಾನ’ ಎಂದೆ. ಗೋದಾಮಿನ ತುಂಬ ಒಂದು ನಿಟ್ಟುಸಿರು. ಆಮೇಲೆ ನಾಲ್ಕು ಜನ ಅವಳನ್ನು ಹೂವಿನಲ್ಲಿ ಮುಚ್ಚಿ ಹೊತ್ತುಕೊಂಡು ಹೋಗುವ ದೃಶ್ಯ. ಊರವರು ಆಕೆಯನ್ನು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯುತ್ತಿದ್ದಾರೆ ಎಂದೆ. ಎಲ್ಲರೂ ಯಾಕೆ ಅಳುತ್ತಿದ್ದಾರೆ ಎಂದು ಯಾರೋ ಕೇಳಿದರು. ಸಂತೋಷಕ್ಕೆ ಎಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಉರ್ದು ಬಲ್ಲ ಇಬ್ಬರು ಮುದುಕರು ಬಾಯಿಗೆ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿದು ನಗುತ್ತಾ ಕುಲುಕಾಡಿದರು. ಉಳಿದ ಕಮಲಾಪುರ ಚಪ್ಪಾಳೆ ತಟ್ಟಿತು. ಹೆಣವನ್ನು ಮೆರವಣಿಗೆ ಮಾಡಿದ ಮೊದಲ ಕಲಾವಿದ ನಾನೇ ಇರಬೇಕು.

ಅಲ್ಲಿಂದ ಶುರುವಾಯಿತು ನನ್ನ ಭಾಗ್ಯ. ಕ್ಷೌರಿಕ ನನ್ನ ಗಡ್ಡ ಮುಟ್ಟುವ ಮೊದಲು ಅಂಗಡಿಗೆ ನೀರು ಚಿಮುಕಿಸುತ್ತಿದ್ದ. ಮಸಾಲೆ ರುಬ್ಬುತ್ತಿದ್ದ ಹೆಂಗಸರು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ಆ ಪಾಪದ ಹುಡುಗಿ ಮನೆ ಮುಟ್ಟಿದಳಲ್ಲ, ನಿಮ್ಮ ಪುಣ್ಯ ಎನ್ನುತ್ತಿದ್ದರು. ಮನೆಯ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆಗಳು ರಾಶಿಬಿದ್ದವು. ನಮ್ಮ ಊರಿನವರಿಗೆ ಗೌರವ ಕೊಡಲು ಬೇರೇನೂ ಗೊತ್ತಿಲ್ಲ. ತಿಂದು ತಿಂದು ನನ್ನ ಅವ್ವನಿಗೆ ಬಾಳೆಹಣ್ಣಿನ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ನಾನು ಕೂದಲು ಬೆಳೆಸಿದೆ. ಕೊರಳಿಗೆ ರೇಷ್ಮೆ ಕರವಸ್ತ್ರ ಕಟ್ಟಿದೆ. ಕಂಠ ಕೆಡಬಾರದೆಂದು ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟು ಸನ್ನೆಯಲ್ಲಿ ಕಲಿಸತೊಡಗಿದೆ. ಮಗ್ಗಿಯನ್ನು ಸನ್ನೆಯಲ್ಲಿ ಹೇಗೆ ಕಲಿಸುತ್ತಾರೆ ಎಂದು ಕೇಳಬೇಡಿ, ಆ ವರ್ಷದ ಮಕ್ಕಳು ಈಗಲೂ ಬೆರಳು ಎಣಿಸುತ್ತಾರೆ.

ಭಾನುವಾರಗಳಂದು ಕಲಬುರಗಿಗೆ ಹೋಗಿ ಹೆಂಡತಿ ಮಗುವನ್ನು ನೋಡಿ ಬರುತ್ತಿದ್ದವನು ಅದನ್ನೂ ನಿಲ್ಲಿಸಿದೆ. ಕಲಬುರಗಿ ಏನು ಸಮುದ್ರದ ಆಚೆ ಇರಲಿಲ್ಲ, ಬಸ್ಸು ಹತ್ತಿದರೆ ಬಾಯಲ್ಲಿಟ್ಟ ಬೆಲ್ಲ ಕರಗುವುದರೊಳಗೆ ಮುಟ್ಟುವ ಊರು. ಆದರೆ ಭಾನುವಾರ ಸುತ್ತಲಿನ ಹಳ್ಳಿಗಳವರು ಊಟಕ್ಕೆ ಕರೆಯುತ್ತಿದ್ದರು. ಊಟವಾದ ಮೇಲೆ ಆ ಮಗು ಬಾಗಿಲಲ್ಲಿ ಕಾಯುವ ಭಾಗ ಹೇಳಿ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಹಾಡುಗಾರ್ತಿ ಎದುರಿಗೇ ಇದ್ದ ಹಾಗೆ ಕೈ ಮಾಡಿ, ‘ಹೋಗವ್ವಾ ಮನೀಗಿ, ನಿನ್ನ ಕೂಸು ಕಾಯಲಾಕತ್ತದ’ ಎಂದಾಗ ಹೆಂಗಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರ ಜೊತೆ ನನ್ನ ಕಣ್ಣಲ್ಲೂ ನೀರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಹೊತ್ತಿಗೆ ನನಗೆ ನನ್ನ ಕೂಸಿನ ನೆನಪು ಒಂದು ಸಲವೂ ಬರಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಬಂದಿರಲಿಲ್ಲ, ಆದ್ದರಿಂದ ಬರೆದಿದ್ದೇನೆ.

ಹೋಗದಿದ್ದರೇನು, ಪತ್ರ ಬರೆಯುತ್ತಿದ್ದೆ. ಉರ್ದುವಿನಲ್ಲಿ. ಕನ್ನಡದಲ್ಲಿ ಹೆಂಡತಿಗೆ ಬರೆದು ಒತ್ತಕ್ಷರ ತಪ್ಪಿ ಅವಳ ಕೈಯಲ್ಲಿ ನಗೆಪಾಟಲಾಗುವುದು ಒಬ್ಬ ಸ್ಟಾರಿಗೆ ಶೋಭೆಯಲ್ಲ. ಮಾವ ಆ ಪತ್ರಗಳನ್ನು ಓದಿ, ಅತ್ತೆಗೂ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತಿದ್ದರು. ಈ ವಾರ ಜನ ಬಿಡುತ್ತಿಲ್ಲ, ಬರಲಾಗುವುದಿಲ್ಲ ಎಂದು ಬರೆಯುತ್ತಿದ್ದೆ. ಮುಂದಿನದರಲ್ಲೂ ಅದೇ. ಎಷ್ಟು ಬಾಳೆಹಣ್ಣು ಬಂತು ಎಂಬುದನ್ನು ಮಾತ್ರ ಪ್ರತಿ ಸಲ ವಿವರವಾಗಿ ಬರೆಯುತ್ತಿದ್ದೆ.

ಐದನೇ ತಿಂಗಳು ಬಂತು. ಮಾವ ಪಂಚಾಂಗ ನೋಡಿಸಿ, ಒಳ್ಳೆಯ ದಿನ ಗೊತ್ತುಮಾಡಿ ಹೇಳಿ ಕಳಿಸಿದರು. ನೋಡಿದರೆ ಅದು ಸಂತೆಯ ದಿನ. ಅವ್ವ ಸೀರೆ ತಂದಿಟ್ಟಳು, ಸಕ್ಕರೆ ಕಟ್ಟಿಟ್ಟಳು. ನಾನು ಇನ್ನೊಂದು ದಿನ ನೋಡಿಸಿ ಎಂದೆ. ಆ ತಿಂಗಳಲ್ಲಿ ಬೇರೆ ಒಳ್ಳೆಯ ದಿನವಿಲ್ಲ ಎಂದಳು. ಹಾಗಾದರೆ ಸೋದರಮಾವನನ್ನು ಕಳಿಸೋಣ ಎಂದೆ. ಅವ್ವ ನನ್ನ ಕೊರಳಿನ ರೇಷ್ಮೆ ವಸ್ತ್ರವನ್ನೇ ನೋಡುತ್ತಾ ನಿಂತಳು. ‘ನಿನ್ನ ಹೇಂತಿನ್ನ ಕರಿಯೂದಕ್ಕೂ ಆಳು ಬೇಕೇನೋ ನಿನಗ?’ ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತಾ ಒಳಗೆ ಹೋದಳು. ಸಾವಿರ ಜನ ಕಾಯುತ್ತಾರೆ ಅವ್ವಾ ಎಂದೆ. ಗೋದಾಮಿನಲ್ಲಿ ಇನ್ನೂರು ಜನ ಹಿಡಿಸುತ್ತಿದ್ದರೋ ಇಲ್ಲವೋ.

ಸೋದರಮಾವ ಹೋದ. ಸಂಜೆಯ ಬಸ್ಸಿಗೆ ಸೀರೆ, ಸಕ್ಕರೆ ಸಮೇತ ತಿರುಗಿ ಬಂದ. ಊಟ ಹಾಕಿದರು, ಮರ್ಯಾದೆ ಮಾಡಿದರು, ಮಗಳನ್ನು ಮಾತ್ರ ಕಳಿಸಲಿಲ್ಲ ಎಂದ. ಮಾವ ಏನೆಂದರು ಎಂದು ಕೇಳಿದೆ. ಮಾವ ಕಳಿಸಲು ತಯಾರಿದ್ದರಂತೆ, ಹುಡುಗಿಯೇ ಎದ್ದು ಒಳಗೆ ಹೋದಳಂತೆ.

ನನಗೆ ಸಿಟ್ಟು ಬಂತು. ಕಮಲಾಪುರದ ಸುತ್ತ ಹದಿನಾರು ಹಳ್ಳಿ ಯಾರ ಮಾತಿಗೆ ಅಳುತ್ತವೋ ಅವನ ಹೆಂಡತಿ ಹೀಗೆ ಮಾಡಬಹುದೇ? ಮುಂದಿನ ಭಾನುವಾರ ಕೊರಳಿಗೆ ವಸ್ತ್ರ ಕಟ್ಟಿ, ಅತ್ತರು ಹಚ್ಚಿ, ನಾನೇ ಹೊರಟೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ಕಟ್ಟಿಕೊಂಡೆ. ಚೆನ್ನಾಗಿಯೇ ಕಟ್ಟಿದ್ದೆ. ಜಗತ್ ಪೇಟೆಯಲ್ಲಿ ಇಳಿದು ಗಲ್ಲಿಗೆ ನಡೆದಾಗ ಒಬ್ಬನೂ ನನ್ನ ಕಡೆ ತಿರುಗಿ ನೋಡಲಿಲ್ಲ. ಒಬ್ಬ ಟಾಂಗಾದವನು ಮಾತ್ರ ದಾರಿ ಬಿಡು ಎಂದು ಬೈದ.

ಹೆಂಡತಿ ಪಡಸಾಲೆಯಲ್ಲಿ ತೊಟ್ಟಿಲು ತೂಗುತ್ತಿದ್ದಳು. ನೀರು ಕೊಟ್ಟಳು. ನಾನು ಕಟ್ಟಿಕೊಂಡು ಬಂದಿದ್ದನ್ನು ಶುರುಮಾಡಿದೆ. ಜನರ ಪ್ರೀತಿ, ಕರ್ತವ್ಯ, ಗಲಾಟೆಯ ನಂತರ ಊರಿನ ಮೊದಲ ನಗು, ಹೀಗೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, ‘ಕಮಲಾಪುರದಾಗ ಆಕೀ ಸಾಯೂದಿಲ್ಲಂತಲ್ಲ, ಖರೆ ಏನ್ರೀ?’ ಎಂದು ಕೇಳಿದಳು. ಸೋದರಮಾವ ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದ್ದನಂತೆ. ನಾನೂ ಹೆಮ್ಮೆಯಿಂದಲೇ, ಹೌದು, ಮನೆಗೆ ಬರುತ್ತಾಳೆ ಎಂದೆ.

‘ಆಕೀ ಬರ್ತಾಳಂತ ನಿಮಗ ಯಾರು ಹೇಳ್ಯಾರ?’ ಎಂದಳು.

ಮಂದಿಗೆ ಹಾಗೆಯೇ ಬೇಕು ಎಂದೆ. ಅವಳು ತೊಟ್ಟಿಲಿನ ಹಾಸಿಗೆಯ ಕೆಳಗಿನಿಂದ ನನ್ನ ಪತ್ರಗಳನ್ನು ತೆಗೆದು ಮುಂದಿಟ್ಟಳು. ದನಿ ಏರಿಸಲಿಲ್ಲ. ‘ಅಪ್ಪ ಓದಿದಾಗ ಒಂದೊಂದರಾಗೂ ನೀವು ಮುಂದಿನ ಐತಾರ ಬರ್ತಿದ್ರಿ. ನಾ ಕೂಸಿಗಿ ನೀರು ಎರದು, ಬಾಗಲಾಗ ಕೂಡ್ತಿದ್ದೆ. ಹೋದ ವಾರ ಬಾಜೂ ಮನಿ ಅಕ್ಕನ ಕಡಿಂದ ಓದಿಸಿದೆ. ಒಂದರಾಗೂ ಹಂಗ ಬರದಿಲ್ಲ. ಮನ್ಯಾಗ ಕಥಿ ತಿದ್ದಿ ಹೇಳಾವ್ರು ಒಬ್ಬರು ಅದಾರ್ರೀ. ಇನ್ನೊಬ್ಬರ ಕೂಡ ನನಗ ಆಗೂದಿಲ್ಲ.’

ಮೂಲೆಯಲ್ಲಿ ಕೂತಿದ್ದ ಮಾವ ಎದ್ದು ಹೊರಗೆ ಹೋದರು. ಪಾಪ, ಮಗಳು ಅಳಬಾರದೆಂದು ನನ್ನ ಪತ್ರ ತಿದ್ದಿ ಓದಿದ ಅವರೂ, ನನ್ನ ಹಾಗೆಯೇ, ಆಕೆಯನ್ನು ಸಾಯಲು ಬಿಟ್ಟಿರಲಿಲ್ಲ. ನಾನು ಮಗುವನ್ನು ಎತ್ತಿಕೊಳ್ಳಲು ಹೋದೆ. ಅದು ನನ್ನ ಅತ್ತರಿಗೆ ಸೀನಿ, ಅಳಲು ಶುರುಮಾಡಿತು. ಅವತ್ತು ಕಮಲಾಪುರದ ಬಸ್ಸಿನಲ್ಲಿ ತಿರುಗಿ ಬಂದವನು ನಾನೊಬ್ಬನೇ. ಕಿಟಕಿಯ ಪಕ್ಕದಲ್ಲಿ ಕೂತು, ಅವಳದೇ ತಪ್ಪು ಎಂದು ಹೇಳಿಕೊಳ್ಳುತ್ತಾ ಬಂದೆ. ಅದೂ ಚೆನ್ನಾಗಿಯೇ ಬಂತು. ಆದರೆ ಕೇಳುವವರು ಯಾರೂ ಇರಲಿಲ್ಲ.

ಅದರ ಮುಂದಿನ ಸಂತೆ ನನ್ನ ಹನ್ನೊಂದನೆಯದು. ಗೋದಾಮು ತುಂಬಿತ್ತು. ಅಣ್ಣ ಈಗಲಾದರೂ ಬರುತ್ತಾನೇನು ಎಂದು ಮುಂದಿನ ಸಾಲಿನವರು ಕೇಳಿದರು. ಖಾಲಿ ಪರದೆಯ ಹೊತ್ತಿನಲ್ಲಿ ಸುಮ್ಮನೆ ನಿಂತೆ. ಮಗು ಬಾಗಿಲಲ್ಲಿ ಕಾಯುವ ದೃಶ್ಯ ಬಂದಾಗ ಪರದೆಯ ಮೇಲಿನದನ್ನು ಮಾತ್ರ ಹೇಳಿದೆ, ನನ್ನದೊಂದು ಮಾತೂ ಸೇರಿಸಲಿಲ್ಲ. ಜನ ಮಾಸ್ತರಿಗೆ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡರು. ಕೊನೆಗೆ ಆಕೆ ಹೊಸ್ತಿಲ ಹೊರಗೆ ಬಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು, ಏನು ಹೇಳುತ್ತೇನೆಂದು. ಕೆಲವರು ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು.

‘ಸತ್ತಾಳ’ ಎಂದೆ.

ಯಾರಿಗೂ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಆಮೇಲೆ ಮೊದಲ ಬಾಳೆಹಣ್ಣಿನ ಸಿಪ್ಪೆ ಬಂತು. ಅದರ ಹಿಂದೆ ಹಣ್ಣೇ ಬಂತು. ಠೇಕೇದಾರ ನನ್ನನ್ನು ಡಬ್ಬಿಯಿಂದ ಇಳಿಸಿ, ತಾನೇ ಹತ್ತಿ, ಇಲ್ಲ ಇಲ್ಲ, ಮಲಗಿದ್ದಾಳೆ ಎಂದು ಕೂಗಿದ. ಯಾರೂ ನಂಬಲಿಲ್ಲ. ವಾರ ವಾರವೂ ಕಟ್ಟಿದ ಸುಳ್ಳನ್ನು ಒಂದು ಮಾತಿನಲ್ಲಿ ಕೆಡವಿದ್ದೆ. ರೇಷ್ಮೆ ವಸ್ತ್ರದ ಮೇಲೆ ಬಿದ್ದ ಹಣ್ಣಿನ ಕಲೆ ಆಮೇಲೆ ಹೋಗಲೇ ಇಲ್ಲ.

ಹೊರಗೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಂತಿದ್ದೆ. ಪ್ರತಿ ಸಂತೆಗೂ ತಪ್ಪದೆ ಬರುತ್ತಿದ್ದ, ಕಾಯಿಪಲ್ಯ ಮಾರುವ ಒಬ್ಬಳು ಮುದುಕಿ ಬುಟ್ಟಿ ಹೊತ್ತುಕೊಂಡು ನನ್ನ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ‘ನೀ ಒಂದು ಮಾತು ಅಂದಿದ್ರ ಆಕೀ ಬದುಕ್ತಿದ್ಳಲ್ಲೋ ಯಪ್ಪಾ. ಒಂದ ಮಾತು. ಅಷ್ಟ ಆಗಲಿಲ್ಲೇನು ನಿನಗ?’ ಎಂದು ಕೇಳಿ, ಬುಟ್ಟಿ ಸರಿಮಾಡಿಕೊಂಡು ನಡೆದುಹೋದಳು.

ನಾನು ಮನೆಗೂ ಹೋಗಲಿಲ್ಲ. ನಿಂತಿದ್ದ ಬಸ್ಸು ಹತ್ತಿದೆ. ಸೀರೆ ಇಲ್ಲ, ಸಕ್ಕರೆ ಇಲ್ಲ, ಮೈಯೆಲ್ಲ ಬಾಳೆಹಣ್ಣು. ಈ ಸಲ ದಾರಿಯಲ್ಲಿ ಏನನ್ನೂ ಕಟ್ಟಿಕೊಳ್ಳಲಿಲ್ಲ, ಕಟ್ಟಲು ಕೂತರೂ ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಅತ್ತೆ ಮಾವನ ಎದುರಿಗೇ, ನಂದು... ನಂದು ತಪ್ಪಾಗ್ಯಾದ, ಬಾ ಎಂದೆ. ತೊದಲಿದೆ ಕೂಡ. ಹೆಂಡತಿ ಇನ್ನೊಮ್ಮೆ ಹೇಳ್ರಿ ಎಂದಳು. ಇನ್ನೊಮ್ಮೆ ಹೇಳುವಾಗ, ಹನ್ನೊಂದು ವಾರದ ಚಾಳಿ, ಅದಕ್ಕೆ ಸ್ವಲ್ಪ ಬಣ್ಣ ಹಚ್ಚಿ, ದನಿ ನಡುಗಿಸಿ ಹೇಳಿದೆ. ಅವಳು ಕೈ ಅಡ್ಡ ಮಾಡಿದಳು. ಮೊದಲನೆಯದೇ ಚೊಲೊ ಇತ್ತು, ಅಷ್ಟಕ್ಕೇ ಬಿಡಿ ಎಂದಳು. ಅತ್ತೆ ಐದನೇ ತಿಂಗಳು ಮುಗಿಯಿತು, ಆರನೆಯದರಲ್ಲಿ ಕಳಿಸಬಾರದು ಎಂದರು. ಅವರು ಐದನ್ನೇ ಮರೆತರು, ಆರು ಏನು ಮಾಡುತ್ತದೆ ಎಂದು ಹೇಳಿ ಹೆಂಡತಿ ತೊಟ್ಟಿಲಿನ ಹಗ್ಗ ಬಿಚ್ಚಿದಳು.

ಬಂದಳು. ಚೆನ್ನಾಗಿಯೇ ಬಾಳಿದೆವು, ಅದನ್ನು ಇಲ್ಲ ಎನ್ನುವಂತಿಲ್ಲ. ಊರವರು ನನ್ನನ್ನು ಹದಿನೈದು ದಿನಕ್ಕೇ ಮರೆತರು. ಗೋದಾಮಿಗೆ ಬೇರೆ ಸಿನಿಮಾ ಬಂತು, ಕೈಯಲ್ಲಿ ಕತ್ತಿ ಹಿಡಿದವರದು. ಅದಕ್ಕೆ ಮಾತು ಹೇಳುವವರೇ ಬೇಕಾಗಲಿಲ್ಲ. ನಾನು ಮಗ್ಗಿಯನ್ನು ಮತ್ತೆ ಬಾಯಲ್ಲಿ ಕಲಿಸತೊಡಗಿದೆ. ಸ್ಟಾರ್ ಆದದ್ದಕ್ಕೆ ತೆತ್ತದ್ದು ಅಷ್ಟೇ ಎಂದುಕೊಂಡು ಬಹಳ ದಿನ ಸಮಾಧಾನದಲ್ಲಿದ್ದೆ.

ಅಷ್ಟೇ ಆಗಿರಲಿಲ್ಲ. ನಾನು ಚೆನ್ನಾಗಿ ಹೇಳಿದ ಯಾವ ಮಾತನ್ನೂ ಅವಳು ಅಲ್ಲಿಂದ ಮುಂದೆ ನಂಬಲಿಲ್ಲ. ವರ್ಗಾವಣೆಯ ಸುದ್ದಿಯಾಗಲಿ, ಮಗಳ ಮದುವೆಯ ಮಾತಾಗಲಿ, ನಾನು ತಡವರಿಸಿದರೆ ಮಾತ್ರ ನಿಜವೆಂದು ತಿಳಿಯುತ್ತಿದ್ದಳು. ಸರಾಗವಾಗಿ ಹೇಳಿದರೆ ನಕ್ಕು, ಹೂಂ ಎಂದು, ಆಮೇಲೆ ಬೇರೆಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ನೀನು ಅಂದರೆ ನನಗೆ ಜೀವ ಎಂದು ಒಂದು ಸಲ ಒಳ್ಳೆಯ ಮಾತಿನಲ್ಲಿ ಹೇಳಲು ಹೋಗಿ, ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ್ದೇನೆ. ಅದು ಖರೆಯೇ ಇತ್ತು. ಆದರೆ ಚೆನ್ನಾಗಿ ಬಂದುಬಿಟ್ಟಿತ್ತು.

ನಿವೃತ್ತಿಯಾಗಿ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿದ ಮೇಲೆ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಡಾಕ್ಟರ್ ಬಂದು ನೋಡಿ, ನನ್ನನ್ನು ಅಂಗಳಕ್ಕೆ ಕರೆದು, ಹೇಳಬೇಕಾದ್ದನ್ನು ಹೇಳಿ ಹೋದರು. ನಾನು ಮುಖ ತೊಳೆದುಕೊಂಡು ಒಳಗೆ ಬಂದು ಅವಳ ಪಕ್ಕ ಕೂತೆ. ಡಾಕ್ಟರು ಏನೆಂದರು ಎಂದು ಕೇಳಿದಳು. ಬರೀ ದಣಿವಂತೆ ಎಂದೆ. ಹೊಸ ಗುಳಿಗೆ ಕೊಟ್ಟಿದ್ದಾರೆ, ಹದಿನೈದು ದಿನಕ್ಕೆ ಎದ್ದು ಓಡಾಡುತ್ತಿ, ಯುಗಾದಿಗೆ ಮಗಳ ಮನೆಗೆ ಹೋಗೋಣ, ನೀನೇ ಹೋಳಿಗೆ ಮಾಡುತ್ತಿ ಎಂದೆ. ಎಲ್ಲೂ ತೊದಲಲಿಲ್ಲ. ನಡುವೆ ಸ್ವಲ್ಪ ನಕ್ಕೆ ಕೂಡ.

ಅವಳು ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿದಳು. ಆಮೇಲೆ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು.

‘ಭಾಳ ಚೆಂದ ಹೇಳಾಕತ್ತೀರಿ’ ಎಂದಳು. ‘ಅಂದರ ಮುಗೀತು ಅನ್ರಿ.’

ನನಗೆ ಮುಂದೆ ಒಂದು ಮಾತೂ ಬರಲಿಲ್ಲ, ಅದನ್ನು ಅವಳು ನಂಬಿದಳು.